ಡ್ಯಾಮೇಜ್, ಸ್ಪಾಯಿಲ್, ರುಯಿನ್, ಡಿಸ್ಟ್ರಾಯ್: ಯಾವುದನ್ನು ಎಲ್ಲಿ ಬಳಸಬೇಕು?

ಡ್ಯಾಮೇಜ್, ಸ್ಪಾಯಿಲ್, ರುಯಿನ್, ಡಿಸ್ಟ್ರಾಯ್ ಎಂಬ ಇಂಗ್ಲಿಷ್ ಕ್ರಿಯಾಪದಗಳಿಗೆಲ್ಲ ನಿಘಂಟಿನಲ್ಲಿ 'ಹಾಳುಮಾಡು' ಎಂಬ ಅರ್ಥವೇ ಸಿಗುತ್ತದೆ, ಆದ್ದರಿಂದ ಒಂದರ ಬದಲು ಇನ್ನೊಂದನ್ನು ಬಳಸಬಹುದೇ ಎಂದು ಕೇಳಿದ್ದೀರಿ. ಬಳಸಲಾಗದು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ವಿದ್ಯಾರ್ಥಿಗಳಿಗೆ ಹೇಳುವುದೇನೆಂದರೆ, ಕೆಟ್ಟದ್ದು ಯಾವ ಬಗೆಯ ವಸ್ತು, ಕೆಟ್ಟ ಮೇಲೆ ಅದರಲ್ಲಿ ಉಳಿದದ್ದೇನು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಬಹುಪಾಲು ಸಂದರ್ಭಗಳಲ್ಲಿ ತಕ್ಕ ಪದ ಅಲ್ಲಿಯೇ ಸಿಗುತ್ತದೆ.

ಹಂಪಿಯ ಉಗ್ರನರಸಿಂಹನನ್ನೇ ತೆಗೆದುಕೊಳ್ಳಿ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ ಪ್ರತಿಷ್ಠಾಪಿಸಲಾದ ಈ ಬೃಹತ್ ವಿಗ್ರಹದ ತೊಡೆಯ ಮೇಲೆ ಮೂಲದಲ್ಲಿ ಲಕ್ಷ್ಮಿಯೂ ಇದ್ದಳು. 1565ರ ತಾಳಿಕೋಟೆ ಯುದ್ಧದ ನಂತರ ನಗರ ಸೂರೆಹೋದಾಗ ಅದು ಭಗ್ನವಾಯಿತೆಂಬುದು ಸಾಮಾನ್ಯ ನಂಬಿಕೆ. ನರಸಿಂಹನ ಕೈಗಳು ಮುರಿದಿವೆ, ಆದರೆ ಉಬ್ಬಿದ ಕಣ್ಣುಗಳ ಆ ಮುಖ, ತಲೆಯ ಮೇಲೆ ಹೆಡೆಯೆತ್ತಿದ ಆದಿಶೇಷ ಇಂದಿಗೂ ಕಾಣುತ್ತವೆ. ಇದಕ್ಕೆ ಡ್ಯಾಮೇಜ್ ಎನ್ನಬೇಕು. ಲಕ್ಷ್ಮಿಯ ಮೂರ್ತಿಯಾದರೋ ಅಲ್ಲಿಲ್ಲವೇ ಇಲ್ಲ, ಗಂಡನ ಬೆನ್ನನ್ನು ಬಳಸಿದ ಅವಳ ಕೈಯೊಂದು ಮಾತ್ರ ಕಲ್ಲಿನಲ್ಲಿ ಉಳಿದುಕೊಂಡಿದೆ. ಅದಕ್ಕೆ ಡ್ಯಾಮೇಜ್ ಎಂದರೆ ಸಾಲದು, ಡಿಸ್ಟ್ರಾಯ್ ಎನ್ನಲೇಬೇಕು. ಕನ್ಸ್ಟ್ರಕ್ಟ್ ಮತ್ತು ಸ್ಟ್ರಕ್ಚರ್ ಪದಗಳಲ್ಲಿರುವ, ಕಟ್ಟು ಎಂಬರ್ಥದ ಲ್ಯಾಟಿನ್ ಧಾತುವೇ ಡಿಸ್ಟ್ರಾಯ್ ಪದದಲ್ಲಿಯೂ ಇದೆ. ಕಟ್ಟಿದ್ದು ಕಟ್ಟಿದಂತೆ ಉಳಿಯದೆ ಹೋಗುವುದು ಅದರ ತಿರುಳು.

ಡ್ಯಾಮೇಜ್ ಪದದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹಾನಿ ಎಂಬ ಅರ್ಥದಲ್ಲಿ ಅದಕ್ಕೆ ಬಹುವಚನವಿಲ್ಲ. ಡ್ಯಾಮೇಜಸ್ ಎಂದರೆ ನ್ಯಾಯಾಲಯ ಕೊಡಿಸುವ ಪರಿಹಾರದ ಹಣ. ಹೀಗಾಗಿ ಮಳೆಯಿಂದ ಬೆಳೆಗೆ ಅಪಾರ ಹಾನಿಯಾಯಿತೆಂದು ಬರೆಯಹೊರಟವರು ಒಂದು ಎಸ್ ಅಕ್ಷರ ಸೇರಿಸಿದರೆ ವಾಕ್ಯ ಬೇರೆಯೇ ದಿಕ್ಕಿಗೆ ಹೋಗುತ್ತದೆ. ಎರಡನೆಯದಾಗಿ, ಅಪಘಾತದಲ್ಲಿ ಬಸ್ಸು ಡ್ಯಾಮೇಜ್ ಆಗುತ್ತದೆ, ಪ್ರಯಾಣಿಕರು ಆಗುವುದಿಲ್ಲ. ಅವರಿಗೆ ಇಂಜರ್ಡ್ ಎಂಬ ಪದವಿದೆ.

ಕನ್ನಡಿಗರು ಹೆಚ್ಚಾಗಿ ಎಡವುವುದು ಸ್ಪಾಯಿಲ್ ಎಂಬಲ್ಲಿ, ಮತ್ತು ಅದಕ್ಕೆ ಕಾರಣ ನಮ್ಮ 'ಕೆಡು' ಧಾತುವಿನ ವಿಸ್ತಾರ. ಹಾಲೂ ಕೆಡುತ್ತದೆ, ಮಗುವೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ, ಮಿಕ್ಸಿಯೂ ಕೆಡುತ್ತದೆ. ಇಂಗ್ಲಿಷಿನಲ್ಲಿ ಸ್ಪಾಯಿಲ್ ಆಗುವುದು ಇವುಗಳಲ್ಲಿ ಮೊದಲಿನ ಎರಡು ಮಾತ್ರ, ಅದರಲ್ಲಿಯೂ ಮಗುವಿನ ವಿಷಯದಲ್ಲಿ ಅತಿಮುದ್ದಿನಿಂದ ಹಾಳಾಯಿತೆಂಬ ಅರ್ಥವಷ್ಟೇ ಬರುತ್ತದೆ. ಮಿಕ್ಸಿ ಅಥವಾ ಫೋನು ಸ್ಪಾಯಿಲ್ ಆಯಿತೆಂಬ ವಾಕ್ಯ ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಪರೀಕ್ಷೆಯಲ್ಲಾಗಲಿ ಹೊರದೇಶದವರಿಗೆ ಬರೆಯುವ ಪತ್ರದಲ್ಲಾಗಲಿ ಅದು ಸಲ್ಲದು. ಯಂತ್ರ ಕೆಲಸ ನಿಲ್ಲಿಸಿತೆಂದೇ ಸರಳವಾಗಿ ಬರೆಯುವುದು ಉತ್ತಮ.

ರುಯಿನ್ ನನಗೆ ಇವೆಲ್ಲವುಗಳಲ್ಲಿ ಹೆಚ್ಚು ಸೂಕ್ಷ್ಮವಾಗಿ ಕಾಣುವ ಪದ. ರೇಷ್ಮೆ ಸೀರೆಯ ಸೆರಗಿನ ಮೇಲೆ ಶಾಯಿ ಚೆಲ್ಲಿತೆನ್ನಿ. ನೂಲೊಂದೂ ಕಿತ್ತುಬಂದಿಲ್ಲ, ಜರಿ ಹಾಗೆಯೇ ಹೊಳೆಯುತ್ತಿದೆ, ಮಡಿಚಿಟ್ಟರೆ ಕಲೆಯೂ ಕಾಣಲಿಕ್ಕಿಲ್ಲ. ಆದರೆ ಅದನ್ನುಟ್ಟು ಮದುವೆಗೆ ಹೋಗುವಂತಿಲ್ಲ. ಸೀರೆ ರುಯಿನ್ ಆಯಿತೇ ಹೊರತು ಡಿಸ್ಟ್ರಾಯ್ ಆಗಲಿಲ್ಲ. ವಸ್ತು ಇದ್ದೂ ಅದರ ಬೆಲೆ, ಸೊಗಸು ಅಥವಾ ಉಪಯೋಗ ಹೊರಟುಹೋಗುವುದನ್ನು ಈ ಪದ ಹೇಳುತ್ತದೆ. ಆದ್ದರಿಂದಲೇ ವ್ಯಾಪಾರಿ ದಿವಾಳಿಯೆದ್ದಾಗ, ಒಬ್ಬರ ಹೆಸರು ಕೆಟ್ಟಾಗ ಇದನ್ನು ಬಳಸುತ್ತಾರೆ. ಮಳೆ ಪ್ರವಾಸವನ್ನು ಸ್ಪಾಯಿಲ್ ಮಾಡಿತು ಎಂದರೆ ಸ್ವಲ್ಪ ಬೇಸರವಾಯಿತೆಂದೂ, ರುಯಿನ್ ಮಾಡಿತು ಎಂದರೆ ಪ್ರವಾಸವೇ ವ್ಯರ್ಥವಾಯಿತೆಂದೂ ಕೇಳುಗರು ತಿಳಿಯುತ್ತಾರೆ. ನಾಮಪದವಾಗಿ, ಹೆಚ್ಚಾಗಿ ಬಹುವಚನದಲ್ಲಿ ರುಯಿನ್ಸ್ ಎಂದಾಗ, ಅದು ಪಾಳುಬಿದ್ದ ಕಟ್ಟಡಗಳ ಅವಶೇಷಗಳನ್ನು ಸೂಚಿಸುತ್ತದೆ.

ನೀವು ಕೇಳದಿದ್ದರೂ ಪತ್ರಿಕೆಗಳಲ್ಲಿ ಎದುರಾಗುವ ಇನ್ನು ಕೆಲವನ್ನು ಸೇರಿಸುತ್ತೇನೆ. ಹಡಗು, ವಾಹನ ನುಚ್ಚುನೂರಾದರೆ ರೆಕ್. ಕಟ್ಟಡವನ್ನು ಉದ್ದೇಶಪೂರ್ವಕವಾಗಿ ಕೆಡವಿದರೆ ಡೆಮಾಲಿಷ್. ನೆಲಸಮವೇ ಮಾಡಿಬಿಟ್ಟರೆ ರೇಜ್ (raze), ಅದಕ್ಕೂ ರೇಜರ್‌ಗೂ ಹೆರೆಯುವುದೆಂಬ ಒಂದೇ ಮೂಲ. ಆದರೆ 'ಎತ್ತು' ಎಂಬರ್ಥದ ಇನ್ನೊಂದು ರೇಜ್ (raise) ಕೂಡ ಇದೇ ಉಚ್ಚಾರದ್ದಾದುದರಿಂದ ಬರೆಯುವಾಗ ಕಾಗುಣಿತದ ಮೇಲೆ ಕಣ್ಣಿರಲಿ.

ವ್ಯಾಂಡಲೈಸ್ ಎಂಬುದರಲ್ಲಿ ಮಾಡಿದವರ ಮನಸ್ಸೂ ಸೇರಿದೆ: ಲಾಭವಿಲ್ಲದೆ, ಬೇಕೆಂದೇ ಕೆಡಿಸುವುದು. 2019ರಲ್ಲಿ ಹಂಪಿಯಲ್ಲಿ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಬೀಳಿಸುವ ದೃಶ್ಯ ಹರಿದಾಡಿದಾಗ, ಆ ಕೃತ್ಯಕ್ಕೆ ಸರಿಯಾಗಿ ಒಪ್ಪುತ್ತಿದ್ದ ಪದ ಇದೇ. ನ್ಯಾಯಾಲಯ ಅವರಿಗೆ ದಂಡ ವಿಧಿಸಿ, ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು; ನನಗೆ ಆ ತೀರ್ಪು ಬಹಳ ಸರಿಯೆನಿಸಿತು. ಪದದ ಹಿಂದಿರುವುದು ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಸೂರೆಮಾಡಿದ ವ್ಯಾಂಡಲ್ ಜನಾಂಗದ ಹೆಸರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಲಾಕೃತಿಗಳ ನಾಶವನ್ನು ಖಂಡಿಸಲು 1794ರಲ್ಲಿ ಆನ್ರಿ ಗ್ರೆಗ್ವಾರ್ ಎಂಬ ಪಾದ್ರಿ ಅದನ್ನು ಈ ಅರ್ಥದಲ್ಲಿ ಬಳಕೆಗೆ ತಂದರು.

ಕೊನೆಯದಾಗಿ ಡೆಸಿಮೇಟ್. ದಂಗೆಯೆದ್ದ ಅಥವಾ ಹೇಡಿತನ ತೋರಿದ ಸೇನಾತುಕಡಿಯಲ್ಲಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವ ರೋಮನ್ ಶಿಕ್ಷೆ ಇದರ ಮೂಲ. ಅದರ ಮೊದಲ ಭಾಗ ನಮ್ಮ 'ದಶ'ದ ಬಂಧುವೇ. ಇಂದು ಹೆಚ್ಚಿನ ಪಾಲು ನಾಶವಾಯಿತೆಂಬ ಅರ್ಥದಲ್ಲಿ ಇದನ್ನು ಬಳಸುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಆದರೆ ಶೇ. 50ರಷ್ಟು ಡೆಸಿಮೇಟ್ ಆಯಿತೆಂದೋ, ಒಂದು ಮನೆ ಡೆಸಿಮೇಟ್ ಆಯಿತೆಂದೋ ಬರೆಯಬೇಡಿ. ಗುಂಪಾಗಿರುವ ಜನ, ಪ್ರಾಣಿ, ಮರಗಳಿಗಷ್ಟೇ ಅದನ್ನು ಮೀಸಲಿಡಿ.