ಸಂಪಾದಕರ ಉತ್ತರ: ಕಾಸರವಳ್ಳಿ ಸೀರಿಯಲ್ ಮಾಡಿದ್ರೆ ಇಳಿದಂಗಾ?

ಚಿಂಚವಾಡದ ಓದುಗರೇ, ನಿಮ್ಮ ಪತ್ರ ಬಂತು. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲನ ನಾಲ್ಕು ಸಲ ತಗೊಂಡ ನಿರ್ದೇಶಕ ಗಿರೀಶ್ ಕಾಸರವಳ್ಳಿ, 'ಗೃಹಭಂಗ' ಕಾದಂಬರಿನ ಟಿವಿ ಸೀರಿಯಲ್ ಮಾಡೋ ಗತಿಗೆ ಯಾಕೆ ಬಂದ್ರು, ನಮ್ಮ ಪುಣೆಯಲ್ಲಿ ಅಷ್ಟು ಕಲಿತಿದ್ದು ಇದಕ್ಕಾ ಅಂತ ಕೇಳಿದೀರಿ.

ಗತಿ ಅನ್ನೋ ಪದಾನೇ ನನಗೆ ಒಪ್ಪಿಗೆ ಇಲ್ಲ ನೋಡ್ರಿ. ತೀರ್ಥಹಳ್ಳಿ ಕಡೆಯ ಹುಡುಗ, ಮಣಿಪಾಲದಲ್ಲಿ ಫಾರ್ಮಸಿ ಓದಿದವರು, ಅದನ್ನ ಬಿಟ್ಟು ಇಲ್ಲಿ ಲಾ ಕಾಲೇಜ್ ರೋಡಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದ್ರು, 1975ರಲ್ಲಿ ಕೋರ್ಸ್ ಮುಗಿಸಿ 1977ಕ್ಕೇ 'ಘಟಶ್ರಾದ್ಧ' ಮಾಡಿದ್ರು, ಆಗ ಇನ್ನೂ ಮೂವತ್ತೂ ಆಗಿರ್ಲಿಲ್ಲ. ಆಮೇಲಿನ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ' ಎಲ್ಲಾ ನಿಮಗೆ ಗೊತ್ತಿರೋದೇ.

ಈಗ ವಿಷಯಕ್ಕೆ ಬರ್ತೀನಿ. 'ಘಟಶ್ರಾದ್ಧ' ಅನಂತಮೂರ್ತಿಯವರ ಕಥೆ, 'ತಬರನ ಕಥೆ' ತೇಜಸ್ವಿಯವರದ್ದು, ಎರಡೂ ಸಣ್ಣವು, ಸಿನಿಮಾದಲ್ಲಿ ಅವಕ್ಕೆ ಉಸಿರಾಡಕ್ಕೆ ಜಾಗ ಸಿಕ್ತು. ಆದ್ರೆ ಭೈರಪ್ಪನವರ 'ಗೃಹಭಂಗ'ನ ಎರಡು ಗಂಟೆಗೆ ಹಿಂಡಿದ್ರೆ ಏನು ಉಳಿಯುತ್ತೆ ಹೇಳಿ? ನಂಜಮ್ಮ ಮುತ್ತುಗದ ಎಲೆ ಹಚ್ಚೋದು, ಗಂಡನ ಶಾನುಭೋಗಿಕೆ ಲೆಕ್ಕ ತಾನೇ ಬರೆಯೋದು, ಅತ್ತೆಯ ಬೈಗುಳ, ಊರಿಗೆ ಪ್ಲೇಗ್ ಬರೋದು, ಇದೆಲ್ಲಾ ದಿನಾ ದಿನಾ ನಡೆಯೋ ಕಷ್ಟ, ದಿನಾ ದಿನಾ ನೋಡಿದ್ರೇನೇ ಆ ಭಾರ ನಮ್ಮ ಮೇಲೂ ಕೂರೋದು. ಸಿನಿಮಾ ಮಾಡಿದ್ರೆ ಸಾವುಗಳಷ್ಟೇ ಉಳಿದು ಬದುಕು ಕತ್ತರಿಗೆ ಹೋಗ್ತಿತ್ತು. ಕಾದಂಬರಿ ಉದ್ದ ಇದೆ, ಉದ್ದ ಇರೋ ಪರದೆ ಹುಡುಕಿದ್ರು, ಅಷ್ಟೇ. (ಈಗ ಇದನ್ನೇ ವೆಬ್ ಸೀರೀಸ್ ಅಂದಿದ್ರೆ ನೀವು ಪತ್ರಾನೇ ಬರೀತಿರ್ಲಿಲ್ಲ, ಹೌದಲ್ವಾ?)

ಇನ್ನೊಂದು ಹೇಳ್ಲೇಬೇಕು. ಸೀರಿಯಲ್ ಆದ್ಮೇಲೆ 2008ರಲ್ಲಿ 'ಗುಲಾಬಿ ಟಾಕೀಸ್' ಬಂತು, ವೈದೇಹಿಯವರ ಕಥೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಟಿವಿ, ಡಿಶ್ ಉಡುಗೊರೆ ಸಿಗುತ್ತೆ, ಅವಳ ಗುಡಿಸಲೇ ಕೇರಿಯ ಟಾಕೀಸ್ ಆಗೋಗುತ್ತೆ, ಜೊತೆಗೆ ಊರಿನ ಒಡಕೂ ಅದೇ ಬಾಗಿಲಿಗೆ ಬಂದು ನಿಲ್ಲುತ್ತೆ. ಟಿವಿ ಮನೆಯೊಳಗೆ ಬಂದು ಏನೇನು ಮಾಡುತ್ತೆ ಅಂತ ಇಷ್ಟು ಹತ್ರದಿಂದ ನೋಡಿದ ಕನ್ನಡ ಸಿನಿಮಾ ಇನ್ನೊಂದು ನನಗಂತೂ ನೆನಪಾಗ್ತಿಲ್ಲ. ಟಿವಿನ ಕೀಳು ಅನ್ಕೊಂಡೋರ ಕೈಲಿ ಇದು ಆಗೋ ಕೆಲಸ ಅಲ್ಲ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂದಿದ್ದೂ ಇದೇ ಗುಲಾಬಿ ಪಾತ್ರಕ್ಕೆ.

ಅದನ್ನ ನೋಡಿ ಇನ್ನೊಂದು ಪತ್ರ ಹಾಕಿ, ಜಗಳಕ್ಕೆ ನಾನು ರೆಡಿ. ಈ ಸಲ ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿ ಬರೀರಿ, ಕನ್ನಡಕದ ನಂಬರ್ ಏರಿದೆ.