ಸಿಂಧನೂರಿನ ಹೊಸ ಬಡಾವಣೆಯಲ್ಲಿ 30×40 ನಿವೇಶನವಿದೆ, ಕೈಯಲ್ಲಿ 30 ಲಕ್ಷವಿದೆ. ಮನೆ ಕಟ್ಟಿಸುವುದು ಒಳ್ಳೆಯದೋ, ಇದನ್ನು ಮಾರಿ ಕಟ್ಟಿದ ಮನೆ ಕೊಳ್ಳುವುದೋ?

ನಿಮ್ಮ ಪ್ರಶ್ನೆಯ ವಿವರಣೆಯಲ್ಲಿ ಎಲಿವೇಷನ್, ಅಂದರೆ ಮನೆಯ ಮುಂಭಾಗದ ನೋಟ, ಮೂರು ಸಲ ಬಂದಿದೆ, ಚದರಡಿ ದರ ಎರಡು ಸಲ. ಮಣ್ಣಿನ ಮಾತು ಒಂದು ಸಲವೂ ಇಲ್ಲ. 2014ರಲ್ಲಿ ಇದೇ ಸಿಂಧನೂರಿನಲ್ಲಿ ನಾನೂ ಹೀಗೆಯೇ ಲೆಕ್ಕ ಹಾಕುತ್ತ ಕುಳಿತಿದ್ದೆ. ನಿಮಗಾದರೂ ಗೊತ್ತಿರಲಿಲ್ಲ ಎನ್ನುವ ನೆಪವಿದೆ. ನಾನು ಆಗಲೇ ಹತ್ತು ವರ್ಷಗಳಿಂದ ಊರವರಿಗೆಲ್ಲ ಮನೆ ಕಟ್ಟಿಕೊಡುತ್ತಿದ್ದ ಗುತ್ತಿಗೆದಾರ.

ನಾನು ಹುಟ್ಟಿ ಬೆಳೆದದ್ದು ಕೊಪ್ಪಳದಲ್ಲಿ. ಅಪ್ಪ ಗೌಂಡಿ. ಗುಡ್ಡದ ಬುಡದ ಊರು ಅದು. ಗವಿಮಠದ ಆಸುಪಾಸಿನಲ್ಲಿ ನಾವು ಕೆಲಸ ಮಾಡಿದ ಕಡೆಯಲ್ಲೆಲ್ಲ ಮೂರು ನಾಲ್ಕು ಅಡಿ ಅಗೆದರೆ ಗರಸು ಎಂಬ ಗಟ್ಟಿ ಕಲ್ಲುಮಿಶ್ರಿತ ಮಣ್ಣು, ಅದರ ಕೆಳಗೆ ಬಂಡೆ. ಹಾರೆ ಠಣ್ ಎಂದ ಕೂಡಲೇ ಅಪ್ಪ ಮೇಲಿನಿಂದ ‘ಸಾಕು’ ಎನ್ನುತ್ತಿದ್ದರು. ಆ ಸದ್ದು ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಪಾಯವೆಂದರೆ ನಾಲ್ಕು ಅಡಿ, ಹಾರೆ ಠಣ್ ಎನ್ನಬೇಕು, ಮುಗಿಯಿತು. ನನ್ನ ವಿದ್ಯೆ ಅಷ್ಟೇ ಆಗಿತ್ತು, ಅದರ ಮೇಲೆಯೇ ಹತ್ತು ವರ್ಷ ಹೊಟ್ಟೆಪಾಡು ನಡೆದಿತ್ತು.

ಸಿಂಧನೂರಿಗೆ ಬಂದದ್ದು ಕೆಲಸ ಹುಡುಕಿಕೊಂಡು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ಅಕ್ಕಿ ಗಿರಣಿ, ಅದರ ಹಿಂದೆಯೇ ಹೊಸ ಬಡಾವಣೆಗಳು. ಕೈಗೆ ನಾಲ್ಕು ಕಾಸು ಬಂದಾಗ ನಾನೂ ಒಂದು ನಿವೇಶನ ಕೊಂಡೆ. ನಾನು ಕೊಳ್ಳುವ ಮೂರು ವರ್ಷ ಮುಂಚಿನವರೆಗೂ ಅದು ಭತ್ತದ ಗದ್ದೆ. ಕಾಗದಪತ್ರದಲ್ಲಿ ಮಾತ್ರ ನಾನು ಮೋಸಹೋಗಲಿಲ್ಲ: ಭೂಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ, ಋಣಭಾರ ಪ್ರಮಾಣಪತ್ರ, ಖಾತೆ, ಎಲ್ಲವನ್ನೂ ವಕೀಲರಿಗೆ ತೋರಿಸಿದೆ. ನೀವೂ ತೋರಿಸಿರಬೇಕು ಎಂದುಕೊಳ್ಳುತ್ತೇನೆ. ನಿವೇಶನ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಕೈಗಿಟ್ಟು ‘ಎಲ್ಲ ಒಂದೇ ಬಿಡಿ’ ಎನ್ನುವವರ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ಪಾಯದ ಗುರುತಿಗೆ ಸುಣ್ಣದ ಗೆರೆ ಹಾಕಿದ್ದು ಮೇ ತಿಂಗಳಲ್ಲಿ. ಕಾಲುವೆ ನಿಂತು ವಾರಗಳಾಗಿದ್ದವು. ಆ ಹೊಲದ ಹಳೆಯ ಒಡೆಯರು, ಎಪ್ಪತ್ತು ದಾಟಿದ ಅಜ್ಜ, ಎಮ್ಮೆ ಹೊಡೆದುಕೊಂಡು ಹೊರಟವರು ನಿಂತು ನೋಡಿದರು. ಕೈಯಲ್ಲಿದ್ದ ಕೋಲನ್ನು ನೆಲದ ಒಂದು ಬಿರುಕಿಗೆ ಇಳಿಬಿಟ್ಟರು. ಸೊಂಟದೆತ್ತರದ ಕೋಲು, ಹಿಡಿಯುವಷ್ಟು ಮಾತ್ರ ಮೇಲೆ ಉಳಿಯಿತು.

‘ತಮ್ಮಾ, ಇದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಮುಚ್ಚುತ್ತದೆ. ಮುಚ್ಚುವಾಗ ತನ್ನ ಮೇಲೆ ಏನು ಕೂತಿದೆ ಎಂದು ನೋಡುವುದಿಲ್ಲ.’

‘ಆಗಲಿ ಅಜ್ಜಾ, ಕಬ್ಬಿಣ ಜಾಸ್ತಿ ಹಾಕುತ್ತೇವೆ’ ಎಂದೆ. ಅವರು ಕೋಲು ಎಳೆದುಕೊಂಡು, ಎಮ್ಮೆಯ ಬೆನ್ನಿಗೆ ಒಂದು ತಟ್ಟಿ ಹೋದರು.

ಮರುದಿನ ಅಗೆತ ಶುರು. ಮೂರಡಿಗೇ ಹಾರೆ ಠಣ್ ಎಂದಿತು. ನನಗಿಂತ ಹಿರಿಯರಾದ ಗೌಂಡಿ ಗುಂಡಿಯೊಳಗಿನಿಂದಲೇ ಕೂಗಿದರು: ‘ಧಣಿ, ಕಲ್ಲಾಗಿದೆ ಇದು. ಇನ್ನು ಅಗೆಸಿದರೆ ಕೂಲಿ ದಂಡ.’ ನಾನು ಮೇಲೆ ನಿಂತು, ಥೇಟ್ ನನ್ನ ಅಪ್ಪನ ಹಾಗೆ, ‘ನಾಲ್ಕಕ್ಕೆ ಸಾಕು ಕಾಕಾ’ ಎಂದೆ.

ಆ ನಾಲ್ಕು ಅಡಿಯ ಕಥೆಯನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರಪಡಬೇಡಿ. ಸಿಂಧನೂರಿನ ಈ ಎರೆ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಇರುವುದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಅದರ ರಚನೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ, ನೀರು ಆರಿದರೆ ಸೊರಗಿ ಬಿರಿಯುತ್ತದೆ. ಮೇ ತಿಂಗಳಿನಲ್ಲಿ ಅದು ಕಲ್ಲಿನಂತೆ ಇರುತ್ತದೆ, ನಿಜ. ಆದರೆ ಅದು ಖಡಕ್ ರೊಟ್ಟಿಯ ಗಟ್ಟಿತನ, ಸಾರು ತಾಗುವ ತನಕ ಮಾತ್ರ. ಕೊಪ್ಪಳದ ಠಣ್ ಬಂಡೆಯದು, ಸಿಂಧನೂರಿನ ಠಣ್ ಬರೀ ಬಿಸಿಲಿನದು. ಎರಡೂ ಸದ್ದು ಕಿವಿಗೆ ಒಂದೇ.

ಆಳವಾದ ಎರೆಯಲ್ಲಿ ಈ ಉಬ್ಬುವ ಸೊರಗುವ ಆಟ ಮೇಲಿನ ಮೂರೂವರೆ ಮೀಟರಿನವರೆಗೂ ನಡೆಯಬಹುದು ಎಂದು ಹಿಡಿದೇ ಪಾಯದ ಆಳ ನಿರ್ಧರಿಸುವುದು ವಾಡಿಕೆ. ಅಂದರೆ ಸುಮಾರು ಹನ್ನೊಂದೂವರೆ ಅಡಿ. ನನ್ನ ನಾಲ್ಕು ಅಡಿಯ ಪಾಯ ಆ ಆಟದ ನಟ್ಟನಡುವೆ ಕುಳಿತಿತ್ತು. ತೂಗುವ ತೊಟ್ಟಿಲಿನೊಳಗೆ ಮನೆ ಕಟ್ಟಿದಂತೆ.

ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಭಾರ ಹೆಚ್ಚಾದರೆ ಮನೆ ಕುಸಿಯುತ್ತದೆ ಎಂದೇ ನಮಗೆಲ್ಲ ಹೆದರಿಕೆ. ಎರೆಯಲ್ಲಿ ಮೊದಲು ತೊಂದರೆಗೆ ಬೀಳುವುದು ಹಗುರವಾದ ಭಾಗ. ಮಣ್ಣು ಮೇಲಕ್ಕೆ ನೂಕುವಾಗ ಎರಡು ಮಹಡಿಯ ತೂಕವಾದರೆ ಒತ್ತಿ ಹಿಡಿಯುತ್ತದೆ. ಪೋರ್ಟಿಕೊ, ಕಾಂಪೌಂಡು, ಹಿತ್ತಲಿನ ಶೌಚಾಲಯ ಇವೆಲ್ಲ ತೆಪ್ಪದ ಹಾಗೆ ಏಳುತ್ತವೆ.

ಮಣ್ಣು ಪರೀಕ್ಷೆ ಮಾಡಿಸು ಎಂದು ಸ್ನೇಹಿತನೊಬ್ಬ ಹೇಳಿದ್ದ, ಎಂಜಿನಿಯರ್ ಅವನು. ಎಂಟು ಸಾವಿರ ಆಗುತ್ತಿತ್ತು. ‘ಮಣ್ಣಿಗೆ ಜಾತಕ ಬರೆಸಲು ಎಂಟು ಸಾವಿರವೇ’ ಎಂದು ನಕ್ಕಿದ್ದೆ. ಅದೇ ವಾರ ಮನೆಯ ಮುಂಭಾಗದ ಮೂರು ಆಯಾಮದ ಚಿತ್ರಕ್ಕೆ ಹನ್ನೊಂದು ಸಾವಿರ ಕೊಟ್ಟೆ. ಚಿತ್ರದಲ್ಲಿ ಮನೆಯ ಮುಂದೆ ಒಂದು ಬಿಳಿ ಕಾರೂ ನಿಂತಿತ್ತು. ನನ್ನ ಹತ್ತಿರ ಇದ್ದದ್ದು ಮೋಟಾರ್ ಸೈಕಲ್.

ಫೆಬ್ರುವರಿಯಲ್ಲಿ ಗೃಹಪ್ರವೇಶವಾಯಿತು. ಮಳೆ ಬಿತ್ತು, ಕಾಲುವೆಗೆ ನೀರು ಬಂತು, ಪಕ್ಕದ ಗದ್ದೆಯಲ್ಲಿ ನಾಟಿಯಾಯಿತು. ಅಕ್ಟೋಬರಿನಲ್ಲಿ ಪೋರ್ಟಿಕೊ ಗೋಡೆಯನ್ನು ಸೇರುವ ಕಡೆ ಕೂದಲೆಳೆಯ ಗೆರೆ ಕಂಡಿತು. ಪ್ಲಾಸ್ಟರಿನದು, ನೀರು ಹೊಡೆದು ಕ್ಯೂರಿಂಗ್ ಮಾಡಿದ್ದು ಸಾಲದಾಗಿದೆ ಎಂದು ಪುಟ್ಟಿ ಬಳಿಸಿದೆ. ಬೇರೆಯವರ ಮನೆಯಲ್ಲಿ ಬಿರುಕು ಬಂದಾಗಲೂ ನಾನು ಹೇಳುತ್ತಿದ್ದದ್ದು ಇದೇ ಮಾತು, ಒಪ್ಪಿಕೊಳ್ಳುತ್ತೇನೆ. ಮರುವರ್ಷ ಮಲಗುವ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೊರಟ ಗೆರೆಯಲ್ಲಿ ಒಂದು ರೂಪಾಯಿ ನಾಣ್ಯ ನಿಂತಿತು.

ಆಗ ಸ್ನೇಹಿತನನ್ನು ಕರೆದೆ. ಅವನು ನಗಲಿಲ್ಲ, ಅದೊಂದು ಪುಣ್ಯ. ಬೆರಳಗಲದ ತೆಳು ಗಾಜಿನ ಪಟ್ಟಿ ತರಿಸಿ, ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದ. ಗೋಡೆಯ ಓಡಾಟ ನಿಂತಿದ್ದರೆ ಗಾಜು ಉಳಿಯುತ್ತದೆ, ನಿಂತಿಲ್ಲವಾದರೆ ಒಡೆಯುತ್ತದೆ. ಹತ್ತೊಂಬತ್ತನೆಯ ದಿನ ರಾತ್ರಿ ಊಟಕ್ಕೆ ಕುಳಿತಿದ್ದಾಗ ಒಳಗಿನಿಂದ ಟಿಕ್ ಎಂದಿತು. ‘ಹಲ್ಲಿ ಇರಬೇಕು’ ಎಂದಳು ಹೆಂಡತಿ. ನಾನು ಎದ್ದು ಹೋಗಿ ನೋಡಲಿಲ್ಲ. ಅನ್ನ ಕಲೆಸುತ್ತಲೇ ಕುಳಿತಿದ್ದೆ.

ಉಳಿದದ್ದು ಬೇಗ ಹೇಳುತ್ತೇನೆ. ವಾಸ್ತುವಿಗೆಂದು ಈಶಾನ್ಯದಲ್ಲಿ, ಗೋಡೆಗೆ ಅಂಟಿಕೊಂಡೇ ಸಂಪು ಕಟ್ಟಿಸಿದ್ದೆ. ಅದು ಸಣ್ಣಗೆ ಸೋರುತ್ತಿತ್ತು. ಒಂದು ಮೂಲೆ ವರ್ಷವಿಡೀ ಹಸಿ, ಎದುರಿನ ಮೂಲೆ ಒಣ. ಒಂದೇ ಮನೆಯ ಕೆಳಗೆ ಎರಡು ಋತು. ನೆಲದ ಕೆಳಗೆ ಗರಸಿನ ಬದಲು ಮರಳು ತುಂಬಿಸಿದ್ದೆ, ಅದು ನೀರು ಹಿಡಿದಿಟ್ಟುಕೊಂಡು ಎರೆಗೆ ನಿಧಾನವಾಗಿ ಕುಡಿಸಿತು. ಪಡಸಾಲೆಯ ನಡುವಿನ ಟೈಲ್ಸ್ ಎಷ್ಟು ಉಬ್ಬಿದವೆಂದರೆ ಮಗ ಬಿಟ್ಟ ಗೋಲಿ ತಾನಾಗಿಯೇ ಗೋಡೆಯ ಕಡೆಗೆ ಉರುಳುತ್ತಿತ್ತು. ಅವನಿಗೆ ಅದೊಂದು ಆಟ. ಕೊನೆಗೆ ಸಂಪನ್ನು ದೂರ ಸರಿಸಿದೆ, ಮಾಳಿಗೆಯ ನೀರನ್ನು ಪೈಪಿನಲ್ಲಿ ರಸ್ತೆಯ ಚರಂಡಿಗೆ ಹಾಕಿಸಿದೆ, ಮನೆಯ ಸುತ್ತ ಆರು ಅಡಿ ಅಗಲಕ್ಕೆ ನೀರು ಇಳಿಯದಂತೆ ಏಪ್ರನ್ ಮಾಡಿಸಿದೆ, ನೆಲ ಕಿತ್ತು ಗರಸು ತುಂಬಿ ಧಮ್ಮಸ್ಸು ಹೊಡೆಸಿದೆ, ಪೋರ್ಟಿಕೊ ಕೆಡವಿ ಮನೆಗೆ ತಾಗದಂತೆ ಬೇರೆಯಾಗಿ ಕಟ್ಟಿಸಿದೆ. ಒಟ್ಟು ನಾಲ್ಕು ಲಕ್ಷ ಅರವತ್ತು ಸಾವಿರ. ಉಳಿಸಿದ್ದು ಎಂಟು ಸಾವಿರ ಮತ್ತು ಏಳೆಂಟು ಅಡಿ ಅಗೆತದ ಕೂಲಿ.

ಈಗ ನಿಮ್ಮ ವಿಷಯ. ಕಟ್ಟಿಸುವುದೋ ಕೊಳ್ಳುವುದೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ನಿಮಗೇ ಅದು ಇನ್ನೂ ಕೇಳಬೇಕಾದ ಪ್ರಶ್ನೆಯಲ್ಲ. ಮೊದಲು ನಿವೇಶನದಲ್ಲಿ ಐದಾರು ಅಡಿ ಗುಂಡಿ ತೋಡಿಸಿ. ಮೇಲಿನದಲ್ಲ, ತಳದ ಮಣ್ಣು ತೆಗೆದು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯಿರಿ. ಎರಡು ಒಂದೇ ಅಳತೆಯ ಗಾಜಿನ ಬಾಟಲಿಗೆ ಸಮಸಮ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಬಾಟಲಿಯಲ್ಲಿ ಮಣ್ಣಿನ ಮಟ್ಟ ಅದಕ್ಕಿಂತ ಎಷ್ಟು ಮೇಲೆ ನಿಂತಿದೆ ನೋಡಿ. ಪ್ರಯೋಗಾಲಯದಲ್ಲಿ 10 ಗ್ರಾಂ ತೂಗಿ, 100 ಮಿಲಿಲೀಟರ್ ಅಳತೆಯ ಜಾಡಿಗಳಲ್ಲಿ 24 ಗಂಟೆ ಇಟ್ಟು ಮಾಡುವುದೂ ಇದನ್ನೇ. ಒಂದೂವರೆ ಪಟ್ಟು ದಾಟಿದ್ದರೆ ನನ್ನ ಗೋಲಿಯನ್ನು ನೆನಪಿಸಿಕೊಳ್ಳಿ. ಬಾಟಲಿ ನಿಮ್ಮನ್ನು ಹೆದರಿಸಲು ಸಾಕು, ಪಾಯದ ವಿನ್ಯಾಸಕ್ಕೆ ಸಾಲದು. ಅದಕ್ಕೆ ಪ್ರಯೋಗಾಲಯದ ವರದಿ ಬೇಕು, ಅದನ್ನು ಓದಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ನನ್ನಂಥ ಗುತ್ತಿಗೆದಾರನ ಕಿವಿಯನ್ನು ನಂಬಬೇಡಿ.

ಎರೆ ಆರೇಳು ಅಡಿಗೆ ಮುಗಿದು ಗರಸು ಸಿಕ್ಕರೆ ನಿಮ್ಮ ಅದೃಷ್ಟ, ಅಲ್ಲಿಯವರೆಗೆ ಅಗೆದು ಕೂರಿಸಬಹುದು. ಇನ್ನೂ ಆಳಕ್ಕೆ ಹೋದರೆ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟು ಕಂಬದ ಬಗ್ಗೆ ಕೇಳಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಢಿಗೆ ತಂದದ್ದು. ಈರುಳ್ಳಿ ಗಿಡದಂತೆ ಕೆಳಗೆ ಗಡ್ಡೆ, ಮೇಲೆ ಕಾಂಡ. ಗಡ್ಡೆ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು ಅಗಲ. ಮಣ್ಣಿನ ಆಟ ತಲುಪದ ಆಳದಲ್ಲಿ ಅದು ಹಿಡಿದುಕೊಂಡು ಕೂರುತ್ತದೆ. ಮೇಲಿನ ಬೀಮ್ ಮತ್ತು ನೆಲದ ನಡುವೆ ಸಂದು ಬಿಡಲೇಬೇಕು, ಮಣ್ಣು ಉಬ್ಬಿದರೆ ಆ ಸಂದಿನಲ್ಲಿ ಉಬ್ಬಿಕೊಳ್ಳಲಿ. ಗೌಂಡಿಗಳು ಇದನ್ನು ಮರೆವು ಎಂದು ತಿಳಿದು ಪ್ರೀತಿಯಿಂದ ಮಣ್ಣು ತುಂಬಿಬಿಡುತ್ತಾರೆ. ಆ ದಿನ ನೀವೇ ಅಲ್ಲಿ ನಿಂತಿರಿ.

ಚದರಡಿ ದರದ ವಿಷಯಕ್ಕೆ ಬಂದರೆ, ಕೊಪ್ಪಳದ ಗುಡ್ಡಕ್ಕೂ ಸಿಂಧನೂರಿನ ಎರೆಗೂ ಒಂದೇ ದರ ಹೇಳುವವನು ಪಾಯವನ್ನು ಲೆಕ್ಕದಲ್ಲಿ ಹಿಡಿದಿಲ್ಲ. ಪಾಯದ ದರವನ್ನು ಬೇರೆಯಾಗಿ ಬರೆಸಿಕೊಳ್ಳಿ. 30 ಲಕ್ಷದಲ್ಲಿ ಪಾಯ ಹೆಚ್ಚು ನುಂಗಿದರೆ ಒಂದು ಕೋಣೆ ಕಡಿಮೆ ಕಟ್ಟಿ. ಕೋಣೆಯನ್ನು ಐದು ವರ್ಷದ ಮೇಲೂ ಸೇರಿಸಬಹುದು.

ಕಟ್ಟಿದ ಮನೆ ಕೊಳ್ಳುತ್ತೀರಾದರೆ, ಒಂದು ಮಳೆಗಾಲ ಒಂದು ಬೇಸಿಗೆ ಕಾಣದ ಮನೆಯನ್ನು ಕೊಳ್ಳಬೇಡಿ. ಎರಡು ವರ್ಷದ ಮನೆಗೆ ಹೋದ ವಾರ ಬಣ್ಣ ಬಳಿದಿದ್ದರೆ ಏಕೆ ಎಂದು ಕೇಳಿ. ಕಿಟಕಿಯ ಮೂಲೆಗಳನ್ನು ನೋಡಿ, ಎಲ್ಲ ಬಾಗಿಲುಗಳನ್ನೂ ನೀವೇ ಮುಚ್ಚಿ ತೆಗೆಯಿರಿ. ಜೇಬಿನಲ್ಲಿ ಒಂದು ಗೋಲಿ ಇರಲಿ.

ಎಲಿವೇಷನ್ ಬಗ್ಗೆ ಅಷ್ಟು ಕೇಳಿದ್ದೀರಿ, ಒಂದೇ ಮಾತು: ಪಶ್ಚಿಮಕ್ಕೆ ಗಾಜು ಬೇಡ. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆಂಗಳೂರಿನ ಮುಂಭಾಗ ಅಂಟಿಸಿಕೊಂಡು ಒಳಗೆ ಎರಡು ಎ.ಸಿ. ಹಾಕಿಸುವುದು ನನಗೆ ಇವತ್ತಿಗೂ ಅರ್ಥವಾಗದ ಶೋಕಿ. ಆ ಕಡೆ ಮೆಟ್ಟಿಲು, ಬಚ್ಚಲು ಬರಲಿ, ಛಜ್ಜಾ ಎರಡಡಿ ಇರಲಿ, ಮಾಳಿಗೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಇಟ್ಟಿಗೆ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯದೋ ಮಣ್ಣಿನದೋ ಎಂಬ ಜಗಳವನ್ನು ನಾನು ಈಗ ಬಿಟ್ಟಿದ್ದೇನೆ.

ನನ್ನ ಮನೆ ಈಗ ಹೆಚ್ಚುಕಡಿಮೆ ನಿಂತಿದೆ. ಗಾಜಿನ ಪಟ್ಟಿ ನಾಲ್ಕನೆಯದು, ಎರಡು ವರ್ಷವಾದರೂ ಒಡೆದಿಲ್ಲ. ದೇವರ ಕೋಣೆಯ ಬಾಗಿಲು ಮಾತ್ರ ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತಿತ್ತೆಂದು ಬಡಗಿಯನ್ನು ಕರೆಸಿ ಕೀಸುಳಿ ಹೊಡೆಸಿದ್ದೆ. ಈಗ ಮಳೆಗಾಲದಲ್ಲಿ ಸರಾಗವಾಗಿ ಮುಚ್ಚುತ್ತದೆ, ಬೇಸಿಗೆಯಲ್ಲಿ ಮೇಲೆ ಬೆರಳು ತೂರುವಷ್ಟು ಸಂದು. ಹೆಂಡತಿ ಅಲ್ಲಿಗೆ ಹಳೆಯ ಸೀರೆಯ ಅಂಚನ್ನು ಮಡಚಿ ತುರುಕಿದ್ದಾಳೆ.