ಸಂಪಾದಕರ ಉತ್ತರ: ಕಪ್ಪು ಚೌಕದ ಹುಡುಗ

(ಮೈಸೂರಿನ ಓದುಗರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ಜನರ ತಂಡಕ್ಕೆ ಇವರು ಲೀಡ್. ಮೂವರು ಬೆಂಗಳೂರಲ್ಲಿ, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಮಂಗಳೂರಲ್ಲಿ, ಒಬ್ಬ ಶಿರಸಿ ಹತ್ತಿರದ ಹಳ್ಳಿಯಲ್ಲಿ, ಇನ್ನಿಬ್ಬರು ರಾಜ್ಯದ ಹೊರಗೆ. ಎಲ್ಲರದೂ ಮನೆಯಿಂದಲೇ ಕೆಲಸ. ಶಿರಸಿಯ ಹುಡುಗ ಸೇರಿ ಎಂಟು ತಿಂಗಳಾದರೂ ಇವರು ಅವನ ಮುಖ ನೋಡಿಲ್ಲ; ಮೀಟಿಂಗಿನಲ್ಲಿ ಅವನೊಂದು ಕಪ್ಪು ಚೌಕ. ಕಳೆದ ತಿಂಗಳು ಎರಡು ದಿನ ಅವನ ಕೆಲಸ ನಿಂತೇ ಹೋಗಿತ್ತು. ವಿಚಾರಿಸಿದರೆ, ಸರ್ವರ್‌ಗೆ ಹೋಗಲು ಪರ್ಮಿಷನ್ ಸಿಕ್ಕಿರಲಿಲ್ಲ, ಅಷ್ಟೆ. ಕಂಪನಿಯ ಯಜಮಾನರು ಈಗ ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನಿನ ಚಿತ್ರ ತೆಗೆಯುವ ಸಾಫ್ಟ್‌ವೇರ್ ಹಾಕಿಸೋಣ ಅನ್ನುತ್ತಿದ್ದಾರೆ. ಇದರ ಮೇಲೆ ನ್ಯೂಯಾರ್ಕಿನ ಕ್ಲೈಂಟ್ ಜೊತೆ ರಾತ್ರಿ ಎಂಟೂವರೆಯ ಕಾಲ್. ‘ನಾನು ಲೀಡೋ, ಹಾಜರಿ ಹಾಕುವ ಮೇಡಮ್ಮೋ? ಮುಖ ನೋಡದೆ ತಂಡ ಕಟ್ಟಲಿಕ್ಕಾಗುತ್ತದೆಯೇ?’ ಎಂದು ಕೇಳಿದ್ದಾರೆ.)

ಆತ್ಮೀಯರೇ,

ನಿಮ್ಮ ಪತ್ರದಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದದ್ದು ಒಂದೇ ಸಾಲಿಗೆ. ‘ಎರಡು ದಿನ ಅವನು ಸುಮ್ಮನಿದ್ದ, ಕೆಲಸ ನಡೆಯುತ್ತಿದೆ ಅಂದುಕೊಂಡೆ.’ ಆಫೀಸಿನಲ್ಲಿ ಒಬ್ಬ ಸುಮ್ಮನಿದ್ದರೆ ಆ ಮೌನಕ್ಕೊಂದು ಮುಖ ಇರುತ್ತದೆ. ಹುಬ್ಬು ಗಂಟಿಕ್ಕಿ ಕೂತಿದ್ದಾನೋ, ಅರ್ಧ ಗಂಟೆಯಲ್ಲಿ ಮೂರನೇ ಸಲ ನೀರು ಕುಡಿಯಲು ಎದ್ದನೋ, ನೀವು ಆ ಕಡೆ ಹಾದು ಹೋಗುವಾಗಲೇ ಗೊತ್ತಾಗುತ್ತದೆ. ‘ಏನಪ್ಪ, ಎಲ್ಲಿ ಸಿಕ್ಕಿಹಾಕಿಕೊಂಡೆ?’ ಅನ್ನುತ್ತೀರಿ, ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ದೂರ ಕೂತವನ ಮೌನದಲ್ಲಿ ಏನೂ ಕಾಣುವುದಿಲ್ಲ. ಕೆಲಸ ಸರಾಗವಾಗಿ ಸಾಗುತ್ತಿದ್ದರೂ ಅದೇ ಮೌನ, ಕೆಸರಿನಲ್ಲಿ ಹೂತಿದ್ದರೂ ಅದೇ ಮೌನ.

ನಿಮ್ಮ ಯಜಮಾನರು ಆ ಮೌನಕ್ಕೆ ಕಣ್ಣು ಇಡಿಸಲು ಹೊರಟಿದ್ದಾರೆ. ಅವರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ. ಸ್ಕ್ರೀನಿನ ಚಿತ್ರ ತೆಗೆದಿದ್ದರೆ ಆ ಎರಡು ದಿನವೂ ಅವರಿಗೆ ಕಾಣುತ್ತಿದ್ದದ್ದು ಕಂಪ್ಯೂಟರ್ ಮುಂದೆ ಶ್ರದ್ಧೆಯಿಂದ ಕೂತ ಹುಡುಗನೇ. ಅವನು ನಿಜವಾಗಿಯೂ ಕೂತಿದ್ದ! ಇನ್ನು ಕಳ್ಳಾಟ ಆಡುವವರ ವಿಷಯ: ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಮೌಸ್ ತಾನಾಗಿ ಅಲ್ಲಾಡುವಂತೆ ಮಾಡುವ ಪುಟ್ಟ ಯಂತ್ರ ಆನ್‌ಲೈನಿನಲ್ಲೇ ಸಿಗುತ್ತದೆ. 2024ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಕೀಬೋರ್ಡ್ ಒತ್ತುತ್ತಿರುವಂತೆ ನಟಿಸಿದರೆಂದು ಹತ್ತಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಕೀಲಿ ಒತ್ತಿದ್ದನ್ನು ಎಣಿಸಿದ ಕಡೆ ಕೀಲಿ ಒತ್ತುವುದೇ ಕೆಲಸವಾಗದೆ ಇನ್ನೇನಾದೀತು?

ನಿಮಗೆ ಉಪದೇಶ ಮಾಡುವ ಮುನ್ನ ನಮ್ಮ ಮನೆಯ ದೋಸೆಯ ತೂತು ತೋರಿಸಿಬಿಡುತ್ತೇನೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ನಮ್ಮ ಪತ್ರಿಕೆಯ ಆರು ಜನ ಆರು ಊರಿನ ಪಾಲಾದೆವು. ಪುಟ ಕಟ್ಟುವ ಹುಡುಗ ದಾವಣಗೆರೆಯಲ್ಲಿ, ಕರಡು ತಿದ್ದುವವರು ತುಮಕೂರಿನಲ್ಲಿ. ಇವರು ಯೂನಿಕೋಡ್‌ನಲ್ಲಿ ತಿದ್ದಿ ಕಳಿಸುತ್ತಿದ್ದರು, ಅವನು ಅದನ್ನು ‘ನುಡಿ’ ಫಾಂಟಿನ ಅಕ್ಷರಕ್ಕೆ ಪರಿವರ್ತಿಸಿ ಪುಟಕ್ಕೆ ಸುರಿಯುತ್ತಿದ್ದ. ಒಂದು ಸಂಚಿಕೆಯಲ್ಲಿ ಪರಿವರ್ತನೆ ಎಡವಟ್ಟಾಗಿ ಅರ್ಕಾವತ್ತುಗಳೆಲ್ಲ ಒಂದಕ್ಷರ ಪಕ್ಕಕ್ಕೆ ಜಿಗಿದು ಕೂತವು. ಅವನಿಗೆ ಅನುಮಾನ ಬಂದಿತ್ತು. ‘ಅಕ್ಷರ ಸ್ವಲ್ಪ ಬೇರೆ ಥರ ಕಾಣ್ತಿದೆ ಸಾರ್, ಓಕೆನಾ?’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದೇ ಹೊತ್ತಿಗೆ ಇನ್ಯಾರೋ ಜಾಹೀರಾತಿನ ಬಗ್ಗೆ ಕೇಳಿದ್ದಕ್ಕೆ ನಾನು ಹೆಬ್ಬೆರಳು ಎತ್ತಿದೆ. ಅವನು ತನಗೇ ಅಂದುಕೊಂಡ. ಕರಡು ನೋಡುವವರು ‘ಸಂಪಾದಕರೇ ಓಕೆ ಅಂದಮೇಲೆ’ ಎಂದು ಸುಮ್ಮನಾದರು. ಫೈಲಿನ ಹೆಸರು ‘ಅಂತಿಮ-2-ಹೊಸತು’ ಎಂದಿತ್ತು. ಅದಕ್ಕಿಂತ ಹೊಸದಾದ ‘ಅಂತಿಮ’ ಕೂಡ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಹನ್ನೆರಡು ಪುಟ ಹಾಗೇ ಅಚ್ಚಾದವು. ಮೂವರಲ್ಲಿ ಒಬ್ಬರೂ ಸೋಮಾರಿಗಳಾಗಿರಲಿಲ್ಲ. ಅವತ್ತು ಮೂವರ ಮೇಲೂ ಕ್ಯಾಮೆರಾ ಇಟ್ಟಿದ್ದರೆ ಮೂವರೂ ಬೆವರು ಸುರಿಸುತ್ತಿದ್ದದ್ದೇ ಕಾಣುತ್ತಿತ್ತು.

ನಾಚಿಕೆಯ ಸಂಗತಿ ಏನೆಂದರೆ, ದೂರದಿಂದ ಕೆಲಸ ಮಾಡುವುದು ನಮ್ಮ ಕಸುಬಿಗೆ ಹೊಸದಲ್ಲ. ನಾನು ಪತ್ರಿಕೆಗೆ ಸೇರಿದಾಗ ಜಿಲ್ಲೆಯ ಸುದ್ದಿಗಾರರು ವರದಿಯನ್ನು ಕವರಿಗೆ ಹಾಕಿ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ‘ಬಸ್ಸಿಗೆ ಹಾಕಿದ್ದೀನಿ’ ಅಂತ ಎಸ್‌ಟಿಡಿ ಬೂತಿನಿಂದ ಒಂದು ಫೋನು, ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ನಮ್ಮ ಹುಡುಗ ಕಾಯುತ್ತಿದ್ದ. ಆ ಕವರುಗಳನ್ನು ಬಿಚ್ಚಿದವರಿಗೆ ಗೊತ್ತು, ಫೋಟೊದ ಬೆನ್ನಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಎಡದಿಂದ ಬಲಕ್ಕೆ’ ಎಂದು ಶುರುವಾಗಿ ಪ್ರತಿಯೊಬ್ಬರ ಹೆಸರು ಇರುತ್ತಿತ್ತು. ಕೆಳಗೆ: ‘ಮೂರನೆಯವರ ಇನಿಶಿಯಲ್ ಕೆ ಅಲ್ಲ, ಎಚ್. ಕಳೆದ ಸಲ ತಪ್ಪಾಗಿತ್ತು.’ ಓದುವಾಗ ತಾನು ಪಕ್ಕದಲ್ಲಿ ಇರುವುದಿಲ್ಲ ಅನ್ನುವುದು ಆ ಸುದ್ದಿಗಾರನಿಗೆ ನೆನಪಿರುತ್ತಿತ್ತು. ಮೊಬೈಲು ಬಂದಮೇಲೆ ‘ಬೇಕಾದರೆ ಕೇಳುತ್ತಾರೆ’ ಎಂದು ನಾವೆಲ್ಲ ಅದನ್ನು ಮರೆತೆವು. ಯಾರೂ ಕೇಳುವುದಿಲ್ಲ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹೌದು, ಮುಖ ನೋಡದೆಯೂ ತಂಡ ಕಟ್ಟಬಹುದು, ಆದರೆ ಕಾರಿಡಾರಿನಲ್ಲಿ ಕಣ್ಣು-ಕಿವಿ ಮಾಡುತ್ತಿದ್ದ ಕೆಲಸವನ್ನೆಲ್ಲ ಬರವಣಿಗೆಯಿಂದ ಮಾಡಿಸಬೇಕು. ಅದನ್ನು ಶುರು ಮಾಡಬೇಕಾದವರು ನೀವು.

ಸಾಫ್ಟ್‌ವೇರ್ ಬರೆಯುವವರು ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಎಂಬ ಕಂಪನಿಯ ಹೆಸರು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಲ್ಲರೂ ಅವರವರ ಊರಿನಲ್ಲೇ ಕೂತು ಕಟ್ಟಿದ ಕಂಪನಿ. ಹೇಗೆ ಕೆಲಸ ಮಾಡುತ್ತೇವೆ ಎಂಬ ಕೈಪಿಡಿಯನ್ನೇ ಲೋಕಕ್ಕೆ ತೆರೆದಿಟ್ಟವರು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬ ದಣಿದ ಕಣ್ಣಿನಲ್ಲಿ ಒಂದು ಸರ್ವರಿನ ಬದಲು ಇನ್ನೊಂದರ ಮೇಲೆ ಅಳಿಸುವ ಆಜ್ಞೆ ಕೊಟ್ಟುಬಿಟ್ಟ. ತಡೆಯುವ ಹೊತ್ತಿಗೆ 300 ಜಿಬಿಯಷ್ಟಿದ್ದ ಡೇಟಾದಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಐದು ದಾರಿ ಮಾಡಿಕೊಂಡಿದ್ದರು, ನಂಬಿಕೊಂಡಿದ್ದ ಯಾವುದೂ ಆ ಹೊತ್ತಿಗೆ ಕೈಹಿಡಿಯಲಿಲ್ಲ. ಕೊನೆಗೆ ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿಯಿಂದ ಜೀವ ಬಂತು. ನನಗೆ ಈ ಕತೆಯಲ್ಲಿ ಹಿಡಿಸಿದ್ದು ಒಂದು ಸಣ್ಣ ಸಂಗತಿ. ‘ಬ್ಯಾಕಪ್ ಆಗುತ್ತಿಲ್ಲ’ ಎಂದು ಹೇಳಬೇಕಿದ್ದ ಮೇಲ್‌ಗಳು ದಿನವೂ ಹೊರಡುತ್ತಿದ್ದವಂತೆ, ದಾರಿಯಲ್ಲೇ ತಿರಸ್ಕಾರವಾಗಿ ಯಾರಿಗೂ ಮುಟ್ಟುತ್ತಿರಲಿಲ್ಲ. ಮೇಲ್ ಬರುತ್ತಿಲ್ಲ, ಅಂದರೆ ಎಲ್ಲ ಸರಿ ಇದೆ ಎಂದು ಎಲ್ಲರೂ ನೆಮ್ಮದಿಯಾಗಿದ್ದರು. ನಿಮ್ಮ ಎರಡು ದಿನದ ಕತೆಯೂ ಇದೇ ತಾನೆ? ಆದರೆ ಆ ರಾತ್ರಿ ಅವರು ನಡೆದುಕೊಂಡ ರೀತಿ ನೋಡಿ: ಏನಾಯಿತು, ಈಗ ಏನು ಮಾಡುತ್ತಿದ್ದೇವೆ ಎಂಬುದನ್ನು ಗ್ರಾಹಕರೂ ಓದಬಹುದಾದ ಕಡತದಲ್ಲಿ ಬರೆಯುತ್ತಾ ಹೋದರು, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆ ಎಂಜಿನಿಯರನ ತಲೆಯ ಮೇಲೆ ಗೂಬೆ ಕೂರಿಸಲಿಲ್ಲ.

ಈಗ ನಿಮ್ಮ ಬೆಳಗಿನ ಹತ್ತೂವರೆಯ ಮೀಟಿಂಗಿಗೆ ಬರೋಣ. ಒಂಬತ್ತು ಜನ ಒಬ್ಬೊಬ್ಬರಾಗಿ ಮ್ಯೂಟ್ ತೆಗೆದು ‘ಆಗ್ತಾ ಇದೆ ಮೇಡಂ’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಈ ಎರಡು ಪದಗಳಷ್ಟು ಸುಳ್ಳಲ್ಲದ, ಉಪಯೋಗಕ್ಕೂ ಬಾರದ ಮಾತು ಇನ್ನೊಂದಿಲ್ಲ. ಬಡಗಿ ಹೇಳುತ್ತಾನೆ, ಟೈಲರ್ ಹೇಳುತ್ತಾನೆ, ನಾನು ಪ್ರೆಸ್ಸಿನವರಿಗೆ ಹೇಳುತ್ತೇನೆ. ಮುಗಿಯುತ್ತಾ ಬಂದಿದೆ, ಈಗ ತಾನೆ ಶುರು ಮಾಡಿದೆ, ಇನ್ನೂ ಮುಟ್ಟಿಲ್ಲ, ಹೇಗೆ ಮಾಡುವುದೆಂದೇ ಗೊತ್ತಿಲ್ಲ: ನಾಲ್ಕೂ ಅದರೊಳಗೆ ಅಡಗಿ ಕೂರುತ್ತವೆ. ನಮ್ಮ ಕಡೆ ‘ಗೊತ್ತಿಲ್ಲ’ ಅನ್ನುವುದಕ್ಕೆ, ಅದರಲ್ಲೂ ದೊಡ್ಡವರ ಎದುರು, ನಾಲ್ಕು ಜನ ಕೇಳುವಾಗ, ಬಾಯಿ ಬರುವುದಿಲ್ಲ. ಸಂಕೋಚ. ಹಾಗಾಗಿ ಆ ಮಾತು ಉತ್ತರವಾಗಲಾರದ ಪ್ರಶ್ನೆ ಕೇಳಿ. ಬಾಯಿಯಲ್ಲಿ ಬೇಡ, ಬರಹದಲ್ಲಿ: ನಿನ್ನೆ ಏನು ಮುಗಿಯಿತು, ಈಗ ಯಾವುದರ ಮುಂದೆ ಕೂತಿದ್ದೀರಿ, ಯಾರಿಂದ ಏನು ಬರಬೇಕು. ಮೂರು ಸಾಲು, ಎಲ್ಲರಿಗೂ ಕಾಣುವ ಜಾಗದಲ್ಲಿ. ಮೀಟಿಂಗನ್ನು ವಾರಕ್ಕೆ ಎರಡಕ್ಕೆ ಇಳಿಸಿ, ಅದರಲ್ಲಿ ಜಗಳವಾಡಬೇಕಾದ ವಿಷಯ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ನಿಯಮ ಸೇರಿಸಿ: ಒಂದು ಗಂಟೆ ಸಿಕ್ಕಿಹಾಕಿಕೊಂಡರೆ ಬರೆಯಲೇಬೇಕು. ಆ ಹುಡುಗ ಮೊದಲ ದಿನ ಹನ್ನೊಂದೂವರೆಗೆ ‘ಟೆಸ್ಟ್ ಸರ್ವರಿಗೆ ಲಾಗಿನ್ ಆಗ್ತಿಲ್ಲ, ಪರ್ಮಿಷನ್ ಇಲ್ಲ ಅಂತ ಬರ್ತಿದೆ, ಪಾಸ್‌ವರ್ಡ್ ಬದಲಿಸಿ ನೋಡಿದೆ, ಯಾರನ್ನ ಕೇಳಬೇಕು ಗೊತ್ತಿಲ್ಲ’ ಎಂದು ಗುಂಪಿಗೆ ಹಾಕಿದ್ದರೆ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಊಟದ ಹೊತ್ತಿಗೆ ಉತ್ತರ ಬರುತ್ತಿತ್ತು. ನಿಮಗೊಬ್ಬರಿಗೇ ಗುಟ್ಟಾಗಿ ಕಳಿಸುವುದಲ್ಲ; ನೀವು ಕ್ಲೈಂಟ್ ಕಾಲಿನಲ್ಲಿದ್ದರೆ ಅದು ಅಲ್ಲೇ ಕೊಳೆಯುತ್ತದೆ. ನಿಯಮ ಹೇಳಿದ ಮಾತ್ರಕ್ಕೆ ಯಾರೂ ಬರೆಯುವುದಿಲ್ಲ. ಮೊದಲ ವಾರ ನೀವೇ ಸಿಕ್ಕಿಹಾಕಿಕೊಂಡದ್ದನ್ನು ಅಲ್ಲಿ ಹಾಕಿ. ಮೇಡಮ್ಮಿಗೂ ಗೊತ್ತಿಲ್ಲದ್ದಿದೆ ಎಂದು ಕಂಡಮೇಲೆ ಉಳಿದವರ ಬೆರಳು ಆಡುತ್ತದೆ.

‘ಗಂಟೆ ಲೆಕ್ಕ ಬೇಡ, ಎಷ್ಟು ಕೆಲಸ ಬಂತು ಅಷ್ಟೇ ನೋಡಿ’ ಎಂದು ಯಾರೋ ಸಲಹೆ ಕೊಟ್ಟರೆಂದಿದ್ದೀರಿ. ಅರ್ಧ ಒಪ್ಪುತ್ತೇನೆ. ದಕ್ಷಿಣ ಕನ್ನಡದ ಹೆಂಗಸರು ಎಷ್ಟೋ ದಶಕಗಳಿಂದ ಹೀಗೇ ಮನೆಯಿಂದ ಕೆಲಸ ಮಾಡಿದ್ದಾರೆ. ಎಲೆ, ಹೊಗೆಸೊಪ್ಪು, ನೂಲು ತರುವುದು, ಜಗಲಿಯಲ್ಲಿ ಕೂತು ಬೀಡಿ ಕಟ್ಟುವುದು, ಒಯ್ದು ಕೊಡುವುದು, ಸಾವಿರದ ಲೆಕ್ಕದಲ್ಲಿ ದುಡ್ಡು. ಎಷ್ಟು ಹೊತ್ತು ಕೂತೆ ಎಂದು ಯಾರೂ ಕೇಳುವುದಿಲ್ಲ. ಕೆಲಸ ಹಾಳಾದದ್ದು ಕೊಟ್ಟ ಎಲೆ ಸರಿಯಿಲ್ಲದ್ದಕ್ಕೋ ಎಂದೂ ಕೇಳುವುದಿಲ್ಲ. ಸರಿಯಿಲ್ಲದ ಬೀಡಿ ಪಕ್ಕಕ್ಕೆ, ದುಡ್ಡಿನಲ್ಲಿ ಕಡಿತ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಹೇಳಲು 1966ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಎಣಿಕೆ ಮಾತ್ರ ನೋಡಿದರೆ ನಿಮ್ಮ ಶಿರಸಿಯ ಹುಡುಗನ ಲೆಕ್ಕದಲ್ಲಿ ಆ ವಾರ ಕಡಿತ ಬೀಳುತ್ತದೆ, ಪರ್ಮಿಷನ್ ಕೊಡಲು ಮರೆತವರ ಲೆಕ್ಕದಲ್ಲಿ ಏನೂ ಇಲ್ಲ.

ಅವನ ವಿಷಯಕ್ಕೆ ಇನ್ನೊಂದು ಮಾತು. ಶಾಂಘೈನ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ 2010-11ರಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾದದ್ದು. ಆಯ್ಕೆಗೆ ಚೀಟಿ ಎತ್ತಿದಷ್ಟೇ ಸರಳ ಉಪಾಯ: ಹುಟ್ಟಿದ ತಾರೀಖು ಸಮಸಂಖ್ಯೆಯಾದವರಿಗೆ ಮನೆ, ಬೆಸವಾದವರಿಗೆ ಆಫೀಸು. ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ಶೇ 13ರಷ್ಟು ಹೆಚ್ಚಿತು, ಬಿಟ್ಟುಹೋಗುವವರು ಅರ್ಧಕ್ಕಿಳಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಹೇಳದ ಭಾಗ ನೋಡಿ: ಅವರಿಗೆಲ್ಲ ಕಂಪನಿಯಲ್ಲಿ ಆರು ತಿಂಗಳಾದರೂ ಪಳಗಿದ ಅನುಭವವಿತ್ತು, ಮನೆಯಲ್ಲಿ ಪ್ರತ್ಯೇಕ ಕೋಣೆಯಿತ್ತು, ವಾರಕ್ಕೊಂದು ದಿನ ಆಫೀಸಿಗೂ ಬರುತ್ತಿದ್ದರು. ಅಷ್ಟಿದ್ದೂ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗಿಂತ ಇವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಪ್ರಯೋಗ ಮುಗಿದು ‘ಇಷ್ಟ ಬಂದಂತೆ ಮಾಡಿ’ ಅಂದಾಗ ಮನೆಯವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಆಫೀಸಿಗೆ ವಾಪಸಾದರು. ಒಂಟಿತನ ಒಂದು ದೊಡ್ಡ ಕಾರಣ.

ನಿಮ್ಮ ಹುಡುಗನಿಗೆ ಆ ಆರು ತಿಂಗಳೂ ಸಿಕ್ಕಿಲ್ಲ. ಕಾಲೇಜಿನಿಂದ ನೇರವಾಗಿ ಲ್ಯಾಪ್‌ಟಾಪ್ ಪಾರ್ಸೆಲ್ ತೆಗೆದುಕೊಂಡವನು. ಹೊಸಬರನ್ನು ಮೊದಲ ಎರಡು-ಮೂರು ತಿಂಗಳು ಆಫೀಸಿನಲ್ಲಿ, ಅದಾಗದಿದ್ದರೆ ಹುಬ್ಬಳ್ಳಿಯಲ್ಲಿರುವ ಹಿರಿಯರೊಬ್ಬರ ಪಕ್ಕದಲ್ಲಾದರೂ ಕೂರಿಸಬೇಕು ಎಂದು ಯಜಮಾನರು ಅಂದರೆ ನಾನು ಅವರ ಕಡೆ. ಕ್ಯಾಮೆರಾ ಕಡ್ಡಾಯ ಮಾಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಹಿಡಿದು ಕೂತವನು ವಿಡಿಯೊ ಹಾಕಿದರೆ ಧ್ವನಿಯೂ ಹೋಗುತ್ತದೆ. ಕಪ್ಪು ಚೌಕದ ಹಿಂದೆ ಹಾಸಿಗೆ ಮಡಚಿಡದ ಕೋಣೆಯೋ, ಅಡಿಕೆ ಸುಲಿಯುವವರು ಕೂತ ಜಗಲಿಯೋ ಇರಬಹುದು. ಅದನ್ನು ಒಂಬತ್ತು ಜನಕ್ಕೆ ತೋರಿಸಲು ಅವನಿಗೆ ಮನಸ್ಸಿಲ್ಲದಿರಬಹುದು. ನೀವು ಅವನಿಗೆ ಫೋನ್ ಮಾಡಿ. ಕೆಲಸದ ಮಾತು ಎತ್ತಬೇಡಿ, ‘ಊಟ ಆಯ್ತಾ’ದಿಂದ ಶುರು ಮಾಡಿ. ಎಂಟು ತಿಂಗಳಲ್ಲಿ ಒಮ್ಮೆಯೂ ಮಾಡಿಲ್ಲ ಎಂದು ನೀವೇ ಬರೆದಿದ್ದೀರಿ.

ವರ್ಷಕ್ಕೆ ಎರಡು ಸಲವಾದರೂ ಒಂಬತ್ತೂ ಜನ ಒಂದೆಡೆ ಸೇರಲಿ. ಖರ್ಚು ಎಂದು ಯಜಮಾನರು ಗೊಣಗಿದರೆ, ಮೈಕ್ರೋಸಾಫ್ಟಿನ 61,182 ನೌಕರರು ಯಾರ ಜೊತೆ ಎಷ್ಟು ಒಡನಾಡಿದರೆಂಬ 2020ರ ಲೆಕ್ಕ ಹೇಳಿ. ಮನೆ ಸೇರಿದಮೇಲೆ ಅವರು ತಮ್ಮ ತಮ್ಮ ಗುಂಪಿನೊಳಗೇ ಗಟ್ಟಿಯಾಗಿ, ಬೇರೆ ಗುಂಪಿನವರ ಜೊತೆಯ ಬಳಕೆ ಸೊರಗಿತ್ತು. ಆಫೀಸಿನ ಬಾಡಿಗೆಯಲ್ಲಿ ಉಳಿದದ್ದರಲ್ಲಿ ಎರಡು ಪ್ರಯಾಣದ ದುಡ್ಡು ಖಂಡಿತ ಹೊರಡುತ್ತದೆ. ಸೇರಿದಾಗ ಪ್ರೊಜೆಕ್ಟರ್ ಹಾಕಬೇಡಿ, ದಮ್ಮಯ್ಯ.

ಕಡೆಯದಾಗಿ ರಾತ್ರಿಯ ಕಾಲ್. ಎಂಟೂವರೆ ಅಂದರೆ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಹನ್ನೊಂದು. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕಿಡುತ್ತಾರೆ. ಅವರ ಹನ್ನೊಂದು ಹನ್ನೊಂದೇ, ನಿಮ್ಮದು ಒಂಬತ್ತೂವರೆಯಾಗುತ್ತದೆ. ಮಾರ್ಚಿನ ಎರಡನೇ ಭಾನುವಾರದವರೆಗೂ ಹಾಗೇ. ಚಳಿಗಾಲದಲ್ಲಿ ಅವರ ಬೆಳಗಿನ ಒಂಬತ್ತಕ್ಕೆ ಇಟ್ಟರೆ ನಿಮಗೆ ಏಳೂವರೆ, ಮನೆಯವರ ಜೊತೆ ಊಟಕ್ಕೆ ಕೂರಬಹುದು. ಆ ಭಾನುವಾರ ಬರುವ ಮೊದಲೇ ಕ್ಲೈಂಟಿಗೆ ಒಂದು ಮೇಲ್ ಹಾಕಿ. ಒಂಬತ್ತೂ ಜನ ದಿನವೂ ಬರಬೇಕಿಲ್ಲ, ಇಬ್ಬಿಬ್ಬರು ಸರದಿಯಲ್ಲಿ ಬರುತ್ತಾರೆ, ಉಳಿದವರಿಗೆ ಬರೆದ ಟಿಪ್ಪಣಿ ತಲುಪುತ್ತದೆ ಎಂದೂ ಅದರಲ್ಲೇ ಸೇರಿಸಿ. ಒಪ್ಪಿದರೋ ಇಲ್ಲವೋ ನನಗೊಂದು ಸಾಲು ತಿಳಿಸಿ.

ಸಂ.